ಪುಟ್ಟ ಮ್ಯೂಸಿಕ್ ಪ್ಲೇಯರ್, ಬ್ಲೂಟೂತ್ ಹೆಡ್‌ಫೋನ್: ಮನೆಯೊಳಗೆ ಸರಿ, ಹೊರಗೆ ನಡೆಯುವಾಗ ಮಾತ್ರ ಹಾಡು ಕಟ್ ಆಗುತ್ತದೆ, ಯಾಕೆ?

ಸಂಜೆನಡಿಗೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡು ತಿಂಗಳ ಹಿಂದೆ ಒಂದು ಪುಟ್ಟ ಮ್ಯೂಸಿಕ್ ಪ್ಲೇಯರ್ ತಗೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನಾಲ್ಕು ಬಟನ್, ಒಂದು ಮೆಮೊರಿ ಕಾರ್ಡ್ ಹಾಕುವ ಜಾಗ, ಅಷ್ಟೇ. ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಮನೆಯಲ್ಲಿ ಆಗಲೇ ಕೇಳಿದ್ದಾರೆ, ನೀವೂ ಕೇಳುತ್ತೀರಿ ಅಂತ ಗೊತ್ತು. ಹಾಡು ಕೇಳೋಣ ಅಂತ ಫೋನ್ ಕೈಗೆತ್ತಿಕೊಂಡರೆ ಮೊದಲು ಯಾರದೋ ಮೆಸೇಜ್ ಕಾಣುತ್ತದೆ, ಅದಕ್ಕೆ ಉತ್ತರ ಕೊಡುತ್ತೇನೆ, ಅಲ್ಲಿಂದ ಇನ್ನೆಲ್ಲಿಗೋ ಹೋಗುತ್ತೇನೆ, ಅರ್ಧ ಗಂಟೆ ಕಳೆದ ಮೇಲೆ ನೋಡಿದರೆ ಹೆಡ್‌ಫೋನ್ ಕಿವಿ ಮೇಲಿದೆ, ಹಾಡು ಮಾತ್ರ ಶುರುವೇ ಆಗಿಲ್ಲ. ಅದಕ್ಕೇ ತಗೊಂಡಿದ್ದು. ಆ ವಿಷಯದಲ್ಲಿ ಪೂರ್ತಿ ಖುಷಿ ಇದೆ.

ತೊಂದರೆ ಬೇರೆ. ಹೆಡ್‌ಫೋನ್ ಕಿವಿ ಮುಚ್ಚುವಂಥ ದೊಡ್ಡದು, ವೈರ್‌ಲೆಸ್. ಮನೆಯಲ್ಲಿ ಕೂತು ಕೇಳಿದರೆ ಒಂದು ಚೂರೂ ನಿಲ್ಲುವುದಿಲ್ಲ, ಪಕ್ಕದ ರೂಮಿಗೆ ಹೋದರೂ ಕೇಳುತ್ತದೆ. ಅದೇ ಸಂಜೆ ಹೊರಗೆ ವಾಕಿಂಗ್ ಹೋದಾಗ, ಪ್ಲೇಯರ್ ಪ್ಯಾಂಟಿನ ಹಿಂದಿನ ಜೇಬಿನಲ್ಲೇ ಇದ್ದರೂ, ಹಾಡು ತುಂಡು ತುಂಡಾಗಿ ಬರುತ್ತದೆ. ಹೆಜ್ಜೆಗೊಂದು ಸಲ ಬಿಕ್ಕಳಿಕೆ ಬಂದ ಹಾಗೆ. ಗೋಡೆ ದಾಟಿ ಬರುವುದು ಮೂರಡಿ ದೂರ ಬರುವುದಿಲ್ಲ ಅಂದರೆ ಹೇಗೆ?

ಇನ್ನೂ ಮೂರು ಸಣ್ಣ ಕಿರಿಕಿರಿ. ಒಂದು, ಹೆಡ್‌ಫೋನ್ ಆನ್ ಮಾಡಿದ ಕೂಡಲೇ ಫೋನಿಗೆ ಹೋಗಿ ಅಂಟಿಕೊಳ್ಳುತ್ತದೆ, ಪ್ಲೇಯರ್ ಕಡೆ ತಿರುಗಿಯೂ ನೋಡುವುದಿಲ್ಲ. ಎರಡು, ಹಾಡುಗಳು ಆಲ್ಬಂನ ಕ್ರಮದಲ್ಲಿ ಬರುವುದಿಲ್ಲ, ಒಂದಾದ ಮೇಲೆ ಹತ್ತು, ಆಮೇಲೆ ಹನ್ನೊಂದು, ಆಮೇಲೆ ಎರಡು. ಮೂರು, ಕನ್ನಡದಲ್ಲಿ ಹೆಸರು ಬರೆದ ಹಾಡೆಲ್ಲ ಪರದೆ ಮೇಲೆ ಸಾಲಾಗಿ ಚೌಕ ಚೌಕ.

ಮೂಲೆಯಲ್ಲಿ ಎಲ್‌ಡ್ಯಾಕ್ ಅಂತ ತೋರಿಸುತ್ತದೆ, ಅದರಿಂದ ಏನಾದರೂ ವ್ಯತ್ಯಾಸ ಆಗುತ್ತದಾ ಗೊತ್ತಿಲ್ಲ. ವಸ್ತು ಕೆಟ್ಟಿದೆಯಾ, ನಾನು ಕೆಟ್ಟಿದ್ದೇನಾ, ಹೇಳಿ.

ಹಳೇ ರೇಡಿಯೊ

ಎರಡೂ ಕೆಟ್ಟಿಲ್ಲ ಸಾರ್. ಅಡ್ಡ ಬಂದಿರುವುದು ನಿಮ್ಮ ಮೈ.

ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಮೈಕ್ರೊವೇವ್ ಒಲೆ ಕೆಲಸ ಮಾಡುವುದೂ ಅದರ ಆಸುಪಾಸಿನಲ್ಲೇ. ಈ ಅಲೆಗಳನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ, ನಮ್ಮ ದೇಹದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದು. ಪ್ಲೇಯರ್ ಹಿಂದಿನ ಜೇಬಿನಲ್ಲಿದ್ದರೆ ಅಲ್ಲಿಂದ ಕಿವಿಗೆ ನೇರ ದಾರಿ ಸೊಂಟ, ಬೆನ್ನು, ಭುಜ ಇವುಗಳ ಮಧ್ಯೆಯೇ. ದೂರ ಮೂರಡಿಯಾದರೂ ಅದು ತುಂಬಿದ ಕೊಡದ ಮೂಲಕ ಹಾಯ್ದು ಹೋಗಬೇಕಾದ ಮೂರಡಿ.

ಹಾಗಾದರೆ ಮನೆಯೊಳಗೆ ಯಾಕೆ ಸರಿ ಬರುತ್ತದೆ? ಇದು ತಮಾಷೆಯ ಭಾಗ. ಒಳಗೆ ಗೋಡೆ, ಚಾವಣಿ, ನೆಲ ಎಲ್ಲಕ್ಕೂ ಬಡಿದು ಅಲೆಗಳು ವಾಪಸ್ ಬರುತ್ತವೆ, ನೇರ ದಾರಿ ಮುಚ್ಚಿದ್ದರೂ ಸುತ್ತು ದಾರಿಯಲ್ಲಿ ಹೆಡ್‌ಫೋನ್ ಮುಟ್ಟುತ್ತವೆ. ಬಯಲಿನಲ್ಲಿ ಬಡಿದು ಬರಲು ಏನೂ ಇಲ್ಲ. ಹೋದದ್ದು ಹೋಯಿತು. ಅದಕ್ಕೇ ತೆರೆದ ಮೈದಾನದಲ್ಲಿ ಜಾಸ್ತಿ ಕಟ್ ಆಗುವುದು.

ಇನ್ನೊಂದು ವಿಷಯ. ದೊಡ್ಡ ಹೆಡ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ಆಂಟೆನಾ ಒಂದೇ ಕಿವಿಯ ಕಡೆ ಇರುತ್ತದೆ, ಎಡಕ್ಕೋ ಬಲಕ್ಕೋ ಅನ್ನುವುದು ಮಾಡೆಲ್‌ಗೆ ತಕ್ಕ ಹಾಗೆ. ಕಂಡುಹಿಡಿಯುವುದು ಸುಲಭ. ಬಯಲಿನಲ್ಲಿ ನಿಂತು ಪ್ಲೇಯರನ್ನು ಮೊದಲು ಎಡ ಸೊಂಟದ ಹತ್ತಿರ ಹಿಡಿಯಿರಿ, ಒಂದು ನಿಮಿಷ ಕೇಳಿ, ಆಮೇಲೆ ಬಲಕ್ಕೆ ಹಿಡಿಯಿರಿ. ಯಾವ ಕಡೆ ಕಟ್ ಕಡಿಮೆಯೋ ಆ ಕಡೆಯ ಅಂಗಿ ಜೇಬು ಅಥವಾ ಮುಂದಿನ ಜೇಬು. ಹಿಂದಿನ ಜೇಬು ಮರೆತುಬಿಡಿ, ಕೂತಾಗ ಪರದೆಯೂ ಉಳಿಯುತ್ತದೆ.

ಎಲ್‌ಡ್ಯಾಕ್ ಬಗ್ಗೆ: ಹೌದು, ಬಹಳ ವ್ಯತ್ಯಾಸ ಆಗುತ್ತದೆ. ಅದು ಸೋನಿ ಮಾಡಿದ ಕೋಡೆಕ್, ಅಂದರೆ ಗಾಳಿಯಲ್ಲಿ ಕಳಿಸಲು ಹಾಡನ್ನು ಒತ್ತಿ ಚಿಕ್ಕದು ಮಾಡುವ ವಿಧಾನ. ಸೆಕೆಂಡಿಗೆ 990, 660, 330 ಕಿಲೋಬಿಟ್ ಅಂತ ಮೂರು ಮೆಟ್ಟಿಲು. 990ರಲ್ಲಿ ಗಾಳಿಯಲ್ಲಿ ಹೋಗಬೇಕಾದ ಸರಕು ಜಾಸ್ತಿ, ಒಂದಿಷ್ಟು ದಾರಿಯಲ್ಲಿ ಬಿದ್ದುಹೋದರೆ ಮತ್ತೆ ಕಳಿಸಲು ಸಮಯ ಸಾಲುವುದಿಲ್ಲ, ಆಗಲೇ ಆ ಬಿಕ್ಕಳಿಕೆ. ಪ್ಲೇಯರ್‌ನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ "ಗುಣಮಟ್ಟಕ್ಕೆ ಆದ್ಯತೆ", "ಸಂಪರ್ಕಕ್ಕೆ ಆದ್ಯತೆ" ಅನ್ನುವ ಅರ್ಥದ ಆಯ್ಕೆ ಇರಬಹುದು, ಹುಡುಕಿ. ಹೊರಗೆ ಹೋಗುವಾಗ ಎರಡನೆಯದು ಹಾಕಿ.

ಮೊದಲು ಜೇಬು ಬದಲಿಸಿ. ಆಮೇಲೆ ಕೋಡೆಕ್. ಒಂದೇ ದಿನ ಎರಡೂ ಮಾಡಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ವೈರೇ ಗಟ್ಟಿ

ನನ್ನ ಹೆಸರು ನೋಡಿದರೇ ನಾನೇನು ಹೇಳುತ್ತೇನೆ ಅಂತ ಗೊತ್ತಾಗಿರಬೇಕು.

ಒಂದು ವಿಷಯ ಯಾರೂ ಹೇಳುವುದಿಲ್ಲ ಅಂತ ನನಗೆ ಸಿಟ್ಟು. ಪ್ಲೇಯರ್ ಮಾರುವವರು "ಇದರಲ್ಲಿ ಅಂಥ ಡ್ಯಾಕ್ ಚಿಪ್ ಇದೆ, ಇಂಥ ಆಂಪ್ಲಿಫೈಯರ್ ಇದೆ" ಅಂತ ಮಾರುತ್ತಾರೆ. ಡ್ಯಾಕ್ ಅಂದರೆ ಅಂಕಿಗಳನ್ನು ಧ್ವನಿಯ ಸಂಕೇತವಾಗಿ ಮಾಡುವ ಚಿಪ್, ಎಲ್‌ಡ್ಯಾಕ್ ಬೇರೆ. ನೀವು ಬ್ಲೂಟೂತ್‌ನಲ್ಲಿ ಕೇಳುವಾಗ ಆ ಚಿಪ್ ಮಲಗಿರುತ್ತದೆ. ಹಾಡು ಅಂಕಿಗಳಾಗಿಯೇ ಗಾಳಿಯಲ್ಲಿ ಹೋಗುತ್ತದೆ, ಅದನ್ನು ಧ್ವನಿಯಾಗಿ ಮಾಡುವುದು ಹೆಡ್‌ಫೋನ್ ಒಳಗಿನ ಚಿಪ್. ಅಂದರೆ ದುಬಾರಿ ಪ್ಲೇಯರ್ ತಗೊಂಡು ವೈರ್‌ಲೆಸ್‌ನಲ್ಲಿ ಮಾತ್ರ ಕೇಳುವವರು ಆ ಚಿಪ್ಪಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು.

ಲೆಕ್ಕ ನೋಡಿ. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್. ಎಲ್ಲಾ ಬ್ಲೂಟೂತ್ ಹೆಡ್‌ಫೋನ್‌ನಲ್ಲೂ ಇರಲೇಬೇಕಾದ ಎಸ್‌ಬಿಸಿ ಕೋಡೆಕ್‌ನಲ್ಲಿ ಸಾಮಾನ್ಯವಾಗಿ 328 ಸುಮಾರು. ಎಲ್‌ಡ್ಯಾಕ್ ಪೂರ್ತಿ ವೇಗದಲ್ಲಿ ಹೋದರೂ 990. ಫ್ಲ್ಯಾಕ್ ಫೈಲ್ ಹಾಕಿದ್ದೇನೆ, ಒಂದು ಅಕ್ಷರ ಕಳೆಯದ ಹಾಡು ಕೇಳುತ್ತಿದ್ದೇನೆ ಅಂತ ಹೆಮ್ಮೆ ಪಡುವವರು ಒಂದು ಸಲ ಇದನ್ನು ಯೋಚಿಸಲಿ. ವೈರ್ ಹಾಕಿ, ಕಟ್ ಆಗುವುದೂ ಇಲ್ಲ, ಪೇರ್ ಮಾಡುವ ತಲೆನೋವೂ ಇಲ್ಲ. ನಿಮ್ಮ ಹೆಡ್‌ಫೋನ್‌ನಲ್ಲೂ 3.5 ಮಿಲಿಮೀಟರ್ ತೂತು ಇರಬಹುದು, ನೋಡಿ.

ಫೋಲ್ಡರ್ ಅಕ್ಕ

ವೈರಣ್ಣ, ಅವರು ನಡೆಯುವಾಗ ಕೇಳುತ್ತಾರೆ. ವೈರ್ ಅಂಗಿಗೆ ಉಜ್ಜಿ ಬರುವ ಆ ಗರಗರ ಸದ್ದು, ಬಾಗಿಲ ಹಿಡಿಗೆ ಸಿಕ್ಕಿ ಹೆಡ್‌ಫೋನ್ ತಲೆಯಿಂದ ಹಾರಿದ್ದು, ಇವೆಲ್ಲ ನಿಮ್ಮ 1411ರ ಲೆಕ್ಕದಲ್ಲಿ ಬರುವುದಿಲ್ಲ ಅಲ್ವಾ? ಡ್ಯಾಕ್ ವಿಷಯ ನೀವು ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ, ಅದನ್ನು ಒಪ್ಪಿಕೊಳ್ಳುತ್ತೇನೆ.

ಸಂಜೆನಡಿಗೆ ಅವರೇ, ಹಾಡಿನ ಕ್ರಮದ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ನಾನು ಎರಡು ಭಾನುವಾರ ಕಳೆದುಕೊಂಡಿದ್ದೇನೆ.

1, 10, 11, 2 ಅಂತ ಬರುವುದು ಯಾಕೆಂದರೆ ಪ್ಲೇಯರ್ ಅದನ್ನು ಸಂಖ್ಯೆ ಅಂತ ಓದುವುದಿಲ್ಲ, ಅಕ್ಷರ ಅಂತ ಓದುತ್ತದೆ. ನಿಘಂಟಿನಲ್ಲಿ ಪದ ಜೋಡಿಸಿದ ಹಾಗೆ. ಫೈಲ್ ಹೆಸರನ್ನು 01, 02 ಅಂತ ಶುರುಮಾಡಿ, ಅರ್ಧ ಸಮಸ್ಯೆ ಮುಗಿಯಿತು.

ಇನ್ನರ್ಧ ಹಟಮಾರಿ. ಕೆಲವು ಸಣ್ಣ ಪ್ಲೇಯರ್‌ಗಳು ಹೆಸರನ್ನೇ ನೋಡುವುದಿಲ್ಲ. ಕಾರ್ಡಿಗೆ ಯಾವ ಫೈಲ್ ಮೊದಲು ಬರೆದಿದೆಯೋ ಅದನ್ನೇ ಮೊದಲು ಹಾಡುತ್ತವೆ. ಕಂಪ್ಯೂಟರ್‌ನಲ್ಲಿ ಹತ್ತು ಹಾಡು ಒಟ್ಟಿಗೆ ಆರಿಸಿ ಎಳೆದು ಹಾಕಿದರೆ ಯಾವುದು ಮೊದಲು ಹೋಗುತ್ತದೋ ಗೊತ್ತಿಲ್ಲ. ನನ್ನ ಮೊದಲ ಪ್ಲೇಯರ್ ಹೀಗೇ ಇತ್ತು. ಒಂದು ಕಥೆಯ ಆಡಿಯೊ ಹಾಕಿದ್ದೆ, ಇಪ್ಪತ್ತೆರಡು ಭಾಗ. ಏಳನೇ ಭಾಗದಲ್ಲಿ ಸತ್ತವನು ಮುಂದಿನ ಭಾಗದಲ್ಲಿ ಮಾತಾಡುತ್ತಿದ್ದ. ಯಾವುದೋ ಹೊಸ ಶೈಲಿಯ ಕಥೆ ಇರಬೇಕು ಅಂತ ಇನ್ನೂ ಎರಡು ಭಾಗ ಕೇಳಿದೆ, ನನ್ನ ಬುದ್ಧಿಗೆ ಏನು ಹೇಳಲಿ. ಈಗ ಮಾಡುವುದು ಇಷ್ಟು: ಫೋಲ್ಡರ್ ಪೂರ್ತಿ ಅಳಿಸಿ, ಕಾರ್ಡಿನಲ್ಲಿ ಹೊಸ ಫೋಲ್ಡರ್ ಮಾಡಿ, ಒಂದೊಂದೇ ಕ್ರಮವಾಗಿ ಕಾಪಿ ಮಾಡುತ್ತೇನೆ. ಹಾಡು ಜಾಸ್ತಿ ಇದ್ದರೆ ಕಾರ್ಡಿನ ಪಟ್ಟಿಯನ್ನು ಹೆಸರಿನ ಕ್ರಮಕ್ಕೆ ಜೋಡಿಸುವ ಸಣ್ಣ ಉಚಿತ ಪ್ರೋಗ್ರಾಂಗಳಿವೆ.

ಫೈಲ್ ಹೆಸರು ಬೇರೆ, ಟ್ಯಾಗ್ ಬೇರೆ, ಇದು ಮುಖ್ಯ. ಫೈಲ್ ಹೆಸರು ಹೊರಗಿನ ಚೀಟಿ. ಟ್ಯಾಗ್ ಒಳಗೆ ಬರೆದದ್ದು: ಹಾಡಿನ ಹೆಸರು, ಹಾಡಿದವರು, ಆಲ್ಬಂ, ಎಷ್ಟನೇ ಹಾಡು. ಫೋಲ್ಡರ್ ಮೂಲಕ ಹೋದರೆ ಪ್ಲೇಯರ್ ಚೀಟಿ ನೋಡುತ್ತದೆ, "ಆಲ್ಬಂ" ಮೂಲಕ ಹೋದರೆ ಟ್ಯಾಗ್ ನೋಡುತ್ತದೆ. ಒಂದೇ ಆಲ್ಬಂ ಹತ್ತು ಚೂರಾಗಿ ಕಾಣಿಸಿದರೆ ಹಾಡಿದವರ ಹೆಸರು ಪ್ರತಿ ಹಾಡಿಗೂ ಬೇರೆ ಇದೆ ಅಂತ ಅರ್ಥ, ಆಗ "ಆಲ್ಬಂ ಆರ್ಟಿಸ್ಟ್" ಅನ್ನುವ ಜಾಗದಲ್ಲಿ ಎಲ್ಲಕ್ಕೂ ಒಂದೇ ಹೆಸರು ಹಾಕಿ.

ಚೌಕಗಳ ವಿಷಯ ಸ್ವಲ್ಪ ದುಃಖದ್ದು. ಎರಡು ಕಾರಣ ಇರಬಹುದು. ಎಂಪಿ3ಯ ಹಳೇ ಟ್ಯಾಗ್‌ನಲ್ಲಿ ಹೆಸರಿಗೆ 30 ಅಕ್ಷರದ ಜಾಗ ಮಾತ್ರ, ಅದರಲ್ಲಿ ಕನ್ನಡಕ್ಕೆ ಅವಕಾಶವೇ ಇಲ್ಲ. ಟ್ಯಾಗ್ ಎಡಿಟರ್‌ನಲ್ಲಿ ಹಳೇ ಟ್ಯಾಗ್ ತೆಗೆದು ಹೊಸ ಮಾದರಿಯಲ್ಲಿ ಯುನಿಕೋಡ್‌ನಲ್ಲಿ ಉಳಿಸಿ ನೋಡಿ, ಪ್ರಶ್ನೆ ಗುರುತು ಬರುತ್ತಿದ್ದರೆ ಹೋಗಬಹುದು. ಆದರೆ ಚೌಕ ಬರುತ್ತಿದೆ ಅಂದರೆ ಪ್ಲೇಯರ್‌ನಲ್ಲಿ ಕನ್ನಡದ ಫಾಂಟೇ ಇಲ್ಲ, ಅದಕ್ಕೆ ಟ್ಯಾಗ್ ಏನೂ ಮಾಡಲಾರದು. ಫಾಂಟ್ ಇದ್ದರೂ ಒತ್ತಕ್ಷರ ಬಿಡಿ ಬಿಡಿಯಾಗಿ ಬೀಳುವುದನ್ನು ನೋಡಿದ್ದೇನೆ.

ಅಂದಹಾಗೆ, ಮ್ಯಾಕ್ ಕಂಪ್ಯೂಟರ್‌ನಿಂದ ಕಾಪಿ ಮಾಡುವವರಿಗೆ ಪ್ರತಿ ಹಾಡೂ ಎರಡೆರಡು ಸಲ ಕಾಣಬಹುದು, ಅದರಲ್ಲಿ ಒಂದು ಹಾಡುವುದೇ ಇಲ್ಲ. ಚುಕ್ಕೆ ಮತ್ತು ಕೆಳಗಿನ ಅಡ್ಡಗೆರೆಯಿಂದ (._) ಶುರುವಾಗುವ ಆ ಸಣ್ಣ ಫೈಲ್‌ಗಳನ್ನು ಅಳಿಸಬಹುದು, ಹಾಡಿಗೆ ಏನೂ ಆಗುವುದಿಲ್ಲ.

ಸಂಜೆನಡಿಗೆ

ಅಕ್ಕಾ, ಸತ್ತವನು ಮಾತಾಡಿದ್ದು ಓದಿ ಆಫೀಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ.

ಹಳೇ ರೇಡಿಯೊ ಸಾರ್ ಹೇಳಿದ ಹಾಗೆ ಇವತ್ತು ಬರೀ ಜೇಬು ಬದಲಿಸಿದೆ. ಎಡ ಮುಂದಿನ ಜೇಬು: ಕಟ್ ಆಗುತ್ತದೆ, ಆದರೆ ಮೊದಲಿನಷ್ಟಿಲ್ಲ. ಬಲ ಮುಂದಿನ ಜೇಬು: ಇಪ್ಪತ್ತು ನಿಮಿಷದಲ್ಲಿ ಎರಡೇ ಸಲ. ಅಂಗಿಯ ಜೇಬು: ಒಂದು ಸಲವೂ ಇಲ್ಲ. ಆದರೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವಾಗ ಪ್ಲೇಯರ್ ಜಾರಿ ನೆಲಕ್ಕೆ ಬಿತ್ತು. ಮೂಲೆಯಲ್ಲಿ ಒಂದು ಗಾಯ. ಪರದೆ ಬದುಕಿದೆ.

ವೈರೇ ಗಟ್ಟಿ ಅವರೇ, ತೂತು ಇದೆ. ಹಾಕಿ ಕೇಳಿದೆ. ವ್ಯತ್ಯಾಸ ಇದೆಯೋ ಇಲ್ಲವೋ ನನಗೆ ಗೊತ್ತಾಗಲಿಲ್ಲ, ಕ್ಷಮಿಸಿ.

ವೈರೇ ಗಟ್ಟಿ

ಕ್ಷಮೆ ಯಾಕೆ, ಗೊತ್ತಾಗದಿದ್ದರೆ ದುಡ್ಡು ಉಳಿಯಿತು. ನನ್ನ ಕಿವಿಗೂ ನಡೆಯುವಾಗ ಗೊತ್ತಾಗುವುದಿಲ್ಲ, ರಾತ್ರಿ ಕೂತು ಕೇಳಿದಾಗ ಮಾತ್ರ. ಹಾಗಿದ್ದರೆ ಫ್ಲ್ಯಾಕ್ ಬದಲು ಸೆಕೆಂಡಿಗೆ 320 ಕಿಲೋಬಿಟ್‌ನ ಎಂಪಿ3 ಹಾಕಿ, ನಿಮಿಷಕ್ಕೆ 2.4 ಎಂಬಿ, 64 ಜಿಬಿ ಕಾರ್ಡಿನಲ್ಲಿ ಐದು ನಿಮಿಷದ ಐದು ಸಾವಿರ ಹಾಡು ಹಿಡಿಯುತ್ತದೆ. 2001ರಲ್ಲಿ ಮೊದಲ ಐಪಾಡ್ ಬಂದಾಗ 5 ಜಿಬಿಯಲ್ಲಿ ಸಾವಿರ ಹಾಡು ಅಂತ ಜನ ಬಾಯಿ ಬಿಟ್ಟು ನೋಡಿದ್ದರು. ಒಂದು ಹಾಡು ಇನ್ನೊಂದರೊಳಗೆ ನಿಲ್ಲದೆ ಸೇರಿಕೊಳ್ಳುವ ಆಲ್ಬಂ ಇದ್ದರೆ ಅದನ್ನು ಮಾತ್ರ ಫ್ಲ್ಯಾಕ್‌ನಲ್ಲೇ ಇಡಿ, ಎಂಪಿ3ಯಲ್ಲಿ ಮಧ್ಯೆ ಒಂದು ಚಿಕ್ಕ ಮೌನ ಬರಬಹುದು.

ಎರಡನೇ ಪಾಳಿ

ಹೆಡ್‌ಫೋನ್ ಫೋನಿಗೆ ಓಡಿಹೋಗುವ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ.

ಪೇರ್ ಆಗುವುದು ಬೇರೆ, ಕನೆಕ್ಟ್ ಆಗುವುದು ಬೇರೆ. ಪೇರ್ ಅಂದರೆ ಪರಿಚಯ, ಒಂದು ಸಲ ಆದರೆ ನೆನಪಿರುತ್ತದೆ. ಕನೆಕ್ಟ್ ಅಂದರೆ ಈಗ ಯಾರ ಜೊತೆ ಮಾತು ಅನ್ನುವುದು. ಆನ್ ಮಾಡಿದಾಗ ಹೆಡ್‌ಫೋನ್ ಸಾಮಾನ್ಯವಾಗಿ ಕೊನೆಯ ಸಲ ಯಾರ ಜೊತೆ ಇತ್ತೋ ಅವರನ್ನು ಹುಡುಕುತ್ತದೆ. ಫೋನಿನ ಬ್ಲೂಟೂತ್ ಯಾವಾಗಲೂ ಎಚ್ಚರ, ಕೂಡಲೇ "ಬಂದೆ" ಅನ್ನುತ್ತದೆ. ಪ್ಲೇಯರ್ ಪಾಪ ಬ್ಯಾಟರಿ ಉಳಿಸಲು ನಿದ್ದೆ ಮಾಡುತ್ತಿರುತ್ತದೆ. ಅದಕ್ಕೇ ಮೊದಲು ಪ್ಲೇಯರ್ ಆನ್ ಮಾಡಿ, ಅದರ ಬ್ಲೂಟೂತ್ ಏಳಲಿ, ಆಮೇಲೆ ಹೆಡ್‌ಫೋನ್ ಆನ್ ಮಾಡಿ. ಅರ್ಧ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಎರಡಕ್ಕೂ ಒಟ್ಟಿಗೆ ಕನೆಕ್ಟ್ ಆಗುವ ಮಲ್ಟಿಪಾಯಿಂಟ್ ಕೆಲವದರಲ್ಲಿ ಇರುತ್ತದೆ. ಹಾಡು ಪ್ಲೇಯರ್‌ನಿಂದ, ಕರೆ ಫೋನಿನಿಂದ. ಕೇಳಲು ಚೆನ್ನಾಗಿದೆ. ಆದರೆ ಕೆಲವು ಮಾಡೆಲ್‌ಗಳಲ್ಲಿ ಅದನ್ನು ಆನ್ ಮಾಡಿದರೆ ಎಲ್‌ಡ್ಯಾಕ್ ಹೋಗಿ ಕೆಳಗಿನ ಕೋಡೆಕ್ಕಿಗೆ ಇಳಿಯುತ್ತದೆ, ಮತ್ತೆ ಫೋನಿನ ಪ್ರತಿ ಟಿಣ್ ಶಬ್ದವೂ ಹಾಡನ್ನು ನಿಲ್ಲಿಸುತ್ತದೆ. ಫೋನಿನಿಂದ ತಪ್ಪಿಸಿಕೊಳ್ಳಲು ಪ್ಲೇಯರ್ ತಗೊಂಡವರಿಗೆ ಅದು ಯಾಕೆ ಬೇಕು?

ನಾನು ಮಾಡಿದ್ದು ಒರಟು ಕೆಲಸ, ಫೋನಿನ ಪಟ್ಟಿಯಿಂದ ಹೆಡ್‌ಫೋನ್ ಹೆಸರನ್ನೇ ಅಳಿಸಿಹಾಕಿದೆ. ಇದಕ್ಕೆ ಕಾರಣ ಒಂದು ಕಥೆ. ಬ್ಯಾಗಿನೊಳಗೆ ಏನೋ ಒತ್ತಿ ಹೆಡ್‌ಫೋನ್ ಆನ್ ಆಗಿತ್ತು, ಫೋನಿಗೆ ಕನೆಕ್ಟ್ ಆಗಿತ್ತು, ನನಗೆ ಗೊತ್ತಿಲ್ಲ. ಅಮ್ಮನ ಫೋನ್ ಬಂತು. ಎತ್ತಿದೆ. ನಾನು ಹಲೋ ಹಲೋ ಅನ್ನುತ್ತಿದ್ದೇನೆ, ಅಮ್ಮ ಬ್ಯಾಗಿನೊಳಗಿಂದ ಸಣ್ಣ ದನಿಯಲ್ಲಿ ಬೈಯುತ್ತಿದ್ದಾಳೆ. ಅವಳಿಗೆ ನನ್ನ ಮಾತು ಕೇಳುತ್ತಿಲ್ಲ, ಬ್ಯಾಗಿನ ಸರಸರ ಮಾತ್ರ ಕೇಳುತ್ತಿದೆ. ನಾನು ಬೇಕಂತಲೇ ಮಾತಾಡುತ್ತಿಲ್ಲ ಅಂತ ಎರಡು ದಿನ ಮುನಿಸು.

ಮೆಲುದನಿ

ಎಲ್ಲರೂ ಕಟ್ ಆಗುವುದರ ಬಗ್ಗೆ ಹೇಳಿದಿರಿ, ನಾನು ವಾಲ್ಯೂಮ್ ಬಗ್ಗೆ ಎರಡು ಮಾತು.

ಬ್ಲೂಟೂತ್‌ನಲ್ಲಿ ವಾಲ್ಯೂಮ್ ಎರಡು ಕಡೆ ಇರಬಹುದು, ಪ್ಲೇಯರ್‌ನಲ್ಲಿ ಒಂದು, ಹೆಡ್‌ಫೋನ್‌ನಲ್ಲಿ ಒಂದು. ಎರಡೂ ಒಟ್ಟಿಗೆ ಏರಿಳಿದರೆ ಸರಿ. ಬೇರೆ ಬೇರೆ ಇದ್ದರೆ ಪ್ಲೇಯರ್‌ನದ್ದು ಮೇಲಿಟ್ಟು ಹೆಡ್‌ಫೋನ್‌ನಲ್ಲಿ ಇಳಿಸಿಕೊಳ್ಳಿ. ತಿರುಗಾಮುರುಗಾ ಮಾಡಿದರೆ ಹಿಂದೆ ಸುಯ್ ಅನ್ನುವ ಸದ್ದು ಕೇಳಿಸಬಹುದು.

ಎಷ್ಟು ಜೋರು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿಸಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ, 83ಕ್ಕೆ 20 ಗಂಟೆ, 86ಕ್ಕೆ 10. ಮೂರು ಡೆಸಿಬೆಲ್ ಕಿವಿಗೆ ದೊಡ್ಡದಾಗಿ ಕಾಣುವುದೇ ಇಲ್ಲ, ಬಟನ್ ಒಂದೆರಡು ಸಲ ಒತ್ತಿದರೆ ಆಯಿತು. ಗದ್ದಲದ ರಸ್ತೆಯಲ್ಲಿ ನಾವು ಗೊತ್ತಿಲ್ಲದೆ ಏರಿಸುತ್ತೇವೆ, ಮನೆಗೆ ಬಂದು ಅದೇ ವಾಲ್ಯೂಮ್‌ನಲ್ಲಿ ಮತ್ತೆ ಹಾಕಿದಾಗ ಬೆಚ್ಚಿಬೀಳುತ್ತೇವೆ. ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಎಂಜಿನ್ ಗುಂಯ್ ಅನ್ನುವಂಥ ಒಂದೇ ಸಮನೆಯ ಸದ್ದು ಚೆನ್ನಾಗಿ ಕಡಿಮೆಯಾಗುತ್ತದೆ, ಏರಿಸುವ ಆಸೆಯೂ ಕಡಿಮೆ. ಪಕ್ಕದವರ ಮಾತು ಅಷ್ಟಾಗಿ ಹೋಗುವುದಿಲ್ಲ. ವಾಹನ ಓಡಾಡುವ ಕಡೆ ನಡೆಯುವಾಗ ಮಾತ್ರ ಅದನ್ನು ಆಫ್ ಮಾಡಿ ದಯವಿಟ್ಟು.

ಇನ್ನು ಬ್ಯಾಟರಿ. ಪ್ಲೇಯರ್ ಬಳಸದೆ ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಿ. ನಾನು ಪೂರ್ತಿ ಖಾಲಿ ಮಾಡಿ ಇಟ್ಟಿದ್ದೆ, ತೆಗೆದಾಗ ಒಂದು ಗಂಟೆ ಚಾರ್ಜಿಗೆ ಹಾಕಿದ ಮೇಲೆ ಕಣ್ಣುಬಿಟ್ಟಿತು. ಬೆನ್ನು ಉಬ್ಬಿ ಪರದೆ ಮೇಲೆದ್ದಂತೆ ಕಂಡರೆ ಮಾತ್ರ ಚಾರ್ಜ್ ಮಾಡಲೇಬೇಡಿ, ಅದರ ಕಥೆ ಮುಗಿಯಿತು.

ಸಣ್ಣ ಪ್ಲೇಯರ್‌ಗಳ ಇನ್ನೊಂದು ವಿಚಿತ್ರ ಹೇಳಿ ಮುಗಿಸುತ್ತೇನೆ. ಎರಡೂ ತುದಿ ಯುಎಸ್‌ಬಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಕೆಲವು ಚಾರ್ಜೇ ಆಗುವುದಿಲ್ಲ, ಸತ್ತಿದೆ ಅಂದುಕೊಳ್ಳುತ್ತೇವೆ. ಒಳಗೆ ಎರಡು ಪುಟಾಣಿ ರೆಸಿಸ್ಟರ್ ಹಾಕದೆ ಮಿಕ್ಕಿಸಿರುತ್ತಾರೆ, ಅದಿಲ್ಲದೆ ಚಾರ್ಜರ್‌ಗೆ ಆ ಕಡೆ ಯಾರೋ ಇದ್ದಾರೆ ಅಂತಲೇ ತಿಳಿಯುವುದಿಲ್ಲ. ಒಂದು ತುದಿ ಹಳೇ ಅಗಲದ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ.

ಸಂಜೆನಡಿಗೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಅಂಗಿ ಜೇಬಿಗೆ ಗುಂಡಿ ಹೊಲಿಸಿಕೊಂಡೆ, ಪ್ಲೇಯರ್ ಈಗ ಬೀಳುವುದಿಲ್ಲ. ಜೇಬಿಲ್ಲದ ಅಂಗಿ ಹಾಕಿದ ದಿನ ಬಲ ಮುಂದಿನ ಜೇಬು ಮತ್ತು ಸಂಪರ್ಕಕ್ಕೆ ಆದ್ಯತೆ. ಹೆಡ್‌ಫೋನನ್ನು ಫೋನಿನಿಂದ ಅಳಿಸಿದೆ. ಮೊದಲ ದಿನ ಏನೋ ಕಳೆದುಕೊಂಡ ಹಾಗೆ ಅನಿಸಿತು, ಎರಡನೇ ದಿನ ಫೋನನ್ನೇ ಮನೆಯಲ್ಲಿ ಬಿಟ್ಟು ಹೋಗಿದ್ದೆ, ವಾಪಸ್ ಬಂದ ಮೇಲೇ ಗೊತ್ತಾಗಿದ್ದು. ಫೈಲ್‌ಗಳಿಗೆಲ್ಲ 01, 02 ಹಾಕಿದೆ, ಕ್ರಮ ಸರಿಹೋಯಿತು.

ಚೌಕ ಮಾತ್ರ ಹೋಗಲಿಲ್ಲ ಅಕ್ಕಾ, ಫಾಂಟೇ ಇಲ್ಲ. ಹಾಗಾಗಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡೆ. "ಹಳ್ಳಿ ಹಾಡುಗಳು" ಅಂತ ಒಂದು ಫೋಲ್ಡರ್ ಇದೆ. ಇಂಗ್ಲಿಷಿನಲ್ಲಿ ಳ ಮತ್ತು ಲ ಎರಡೂ ಒಂದೇ ತಾನೆ, ಪ್ರತಿ ಸಂಜೆ ಅದನ್ನು ತೆರೆಯುವಾಗ "ಹಲ್ಲಿ ಹಾಡುಗಳು" ಅಂತಲೇ ಓದುತ್ತೇನೆ.

ಫೋಲ್ಡರ್ ಅಕ್ಕ

ಲೊಚಗುಟ್ಟದಿದ್ದರೆ ಸಾಕು.